ಕಾಡು ಬೆಳ್ಳುಳ್ಳಿ ಕೊಯ್ಯುವಾಗ ಮೂಗನ್ನು ಎಷ್ಟು ನಂಬಬಹುದು?

ಪ್ರಶ್ನೆ: ನಾವು ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಎರಡು ವರ್ಷವಾಯಿತು. ಮನೆ ಹಿಂದೆ ಹಳ್ಳದ ಪಕ್ಕ ಸಣ್ಣದೊಂದು ಕಾಡಿದೆ. ಮಾರ್ಚ್ ಬಂತೆಂದರೆ ಅಲ್ಲಿ ಯಾರೋ ಒಗ್ಗರಣೆ ಹಾಕಿದ ಹಾಗೆ ಬೆಳ್ಳುಳ್ಳಿ ವಾಸನೆ. ಮೊಬೈಲ್ ಆಪ್ ಅದನ್ನು ಕಾಡು ಬೆಳ್ಳುಳ್ಳಿ ಎನ್ನುತ್ತದೆ. ಚಿತ್ರದುರ್ಗದಿಂದ ಅತ್ತೆ ಬಂದಿದ್ದಾರೆ. "ಇಷ್ಟು ಸೊಪ್ಪು ಸುಮ್ನೆ ಬಿದ್ದಿದೆ, ಒಂದು ಚೀಲ ತಂದು ಚಟ್ನಿ ಮಾಡೋಣ, ಉಪ್ಪಿನಕಾಯಿ ಹಾಕೋಣ" ಎನ್ನುತ್ತಾರೆ. ನನಗೆ ಭಯ. ಇದನ್ನು ತಿನ್ನಬಹುದಾ? ಕೊಯ್ದರೆ ಕಾನೂನಿನ ತೊಂದರೆ ಇದೆಯಾ? ಊರಿಗೆ ನಾಲ್ಕು ಗೆಡ್ಡೆ ಕೊಂಡೊಯ್ಯಬಹುದಾ?

ಉತ್ತರ: ತಿನ್ನಬಹುದು. ಆದರೆ ಚೀಲ ತುಂಬ ತರುವುದು ಬೇಡ, ಉಪ್ಪಿನಕಾಯಿ ಬೇಡ, ಗೆಡ್ಡೆಯಂತೂ ಬೇಡವೇ ಬೇಡ. ಯಾಕೆ ಅಂತ ಹೇಳುತ್ತೇನೆ. ನಾನು ಹುಟ್ಟಿದ್ದು ತೀರ್ಥಹಳ್ಳಿ ಕಡೆ. ಹದಿನೈದು ವಸಂತಗಳಿಂದ ಶೆಫೀಲ್ಡ್ ಸುತ್ತಮುತ್ತ ಜನರನ್ನು ಕಾಡಿಗೆ ಕರೆದುಕೊಂಡು ಹೋಗಿ ಗಿಡ ತೋರಿಸುತ್ತಿದ್ದೇನೆ. ಈ ಸೊಪ್ಪಿನ ವಿಷಯದಲ್ಲಿ ನಮ್ಮೂರಿನ ತಿಳಿವಳಿಕೆ ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಕೈ ಕೊಡುತ್ತದೆ ಅನ್ನುವುದನ್ನು ನನ್ನ ನಾಲಿಗೆಯೇ ನನಗೆ ಕಲಿಸಿದೆ.

ಮೊದಲು ಗಿಡದ ಪರಿಚಯ. ಸಸ್ಯಶಾಸ್ತ್ರದಲ್ಲಿ ಇದು ಅಲಿಯಂ ಉರ್ಸಿನಂ. ಉರ್ಸಿನಂ ಅಂದರೆ ಕರಡಿಗೆ ಸೇರಿದ್ದು. ಜರ್ಮನ್ನರೂ ಇದನ್ನು ಕರಡಿಯ ಹೆಸರಿನಿಂದಲೇ ಕರೆಯುತ್ತಾರೆ. ಇಂಗ್ಲೆಂಡಿನ ಹಳೆಯ ಹೆಸರು ರಾಮ್ಸನ್ಸ್. ಕೇಂಬ್ರಿಜ್‌ಶೈರ್‌ನಲ್ಲಿರುವ ರ‍್ಯಾಮ್ಸಿ ಎಂಬ ಊರಿಗೂ ನಮ್ಮ ರಾಮನಿಗೂ ಏನೂ ಸಂಬಂಧ ಇಲ್ಲ, ಈ ಬೆಳ್ಳುಳ್ಳಿಗೆ ಇದೆ. ತೇವ ಇರುವ, ನೆರಳಿರುವ ಹಳೆಯ ಕಾಡು ಇದಕ್ಕೆ ಇಷ್ಟ. ಫೆಬ್ರವರಿ ಕೊನೆಗೆ, ಮಾರ್ಚ್‌ಗೆ ಎಲೆ ಏಳುತ್ತದೆ. ಏಪ್ರಿಲ್‌ನಿಂದ ಬಿಳಿ ನಕ್ಷತ್ರದಂಥ ಹೂ, ಒಂದೊಂದಕ್ಕೂ ಆರು ಎಸಳು. ಜುಲೈ ಹೊತ್ತಿಗೆ ನೆಲದ ಮೇಲೆ ಏನೂ ಉಳಿದಿರುವುದಿಲ್ಲ, ಗೆಡ್ಡೆ ಮಾತ್ರ ಒಳಗೆ ಮಲಗಿರುತ್ತದೆ. ನಮ್ಮ ಅಡುಗೆಯ ಬೆಳ್ಳುಳ್ಳಿಯಲ್ಲಿ ಗೆಡ್ಡೆ ಮುಖ್ಯ. ಇದರಲ್ಲಿ ಎಲೆ.

ಈಗ ವಾಸನೆಗೆ ಬರೋಣ. ಎಲೆ ಉಜ್ಜಿ ನೋಡಿ, ಬೆಳ್ಳುಳ್ಳಿ ವಾಸನೆ ಬಂದರೆ ತಿನ್ನಿ ಎಂದು ಎಲ್ಲರೂ ಹೇಳುತ್ತಾರೆ. ಮೊದಲನೆಯ ಎಲೆಗೆ ಅದು ಸರಿಯೇ. ಹತ್ತನೆಯ ಎಲೆಯ ಹೊತ್ತಿಗೆ ನಿಮ್ಮ ಬೆರಳೇ ಬೆಳ್ಳುಳ್ಳಿ. ಆಮೇಲೆ ಏನು ಉಜ್ಜಿದರೂ, ಹುಲ್ಲನ್ನೇ ಉಜ್ಜಿದರೂ ಬೆಳ್ಳುಳ್ಳಿ ವಾಸನೆಯೇ ಬರುತ್ತದೆ. ಇಡೀ ಕಾಡೇ ಘಾಟು ಹೊಡೆಯುವಾಗ ಮೂಗಿಗೆ ಏನು ಗೊತ್ತಾಗಬೇಕು ಹೇಳಿ? ಆಪ್ ಕತೆಯೂ ಇಷ್ಟೇ. ನೀವು ಫೋಟೋ ತೆಗೆದ ಒಂದು ಗಿಡದ ಬಗ್ಗೆ ಅದು ಸರಿಯಾಗಿಯೇ ಹೇಳಿರಬಹುದು. ನೀವು ಕೊಯ್ಯುವುದು ಅದರ ಪಕ್ಕದ್ದನ್ನು. ವಿಷದ ಗಿಡಗಳು ದೂರದಲ್ಲಿ ಬೇರೆಯಾಗಿ ನಿಂತಿರುವುದಿಲ್ಲ, ಇದರ ಸಂದಿಯಲ್ಲೇ ತಲೆ ಎತ್ತುತ್ತವೆ.

ನನಗಾದದ್ದೂ ಹಾಗೇ. ಇಲ್ಲಿಗೆ ಬಂದ ಎರಡನೆಯ ವರ್ಷ ಮುಷ್ಟಿ ಮುಷ್ಟಿ ಹಿಡಿದು ಕತ್ತರಿಯಲ್ಲಿ ಕತ್ತರಿಸಿ ತಂದೆ. ತೊಳೆದೆ, ಹೆಚ್ಚಿದೆ, ಒಂದು ಚೂರು ಬಾಯಿಗೆ ಹಾಕಿಕೊಂಡೆ. ಮೊದಲು ಬೆಳ್ಳುಳ್ಳಿ ರುಚಿ ಬಂತು. ಹತ್ತು ಸೆಕೆಂಡ್ ಆಗಿರಬೇಕು, ನಾಲಿಗೆಗೆ ಸಾವಿರ ಸೂಜಿ ಚುಚ್ಚಿದ ಹಾಗಾಯಿತು. ಮಲೆನಾಡಿನವರಿಗೆ ಈ ಉರಿ ಗೊತ್ತಿಲ್ಲದ್ದಲ್ಲ. ಹುಣಸೆಹುಳಿ ಸಾಲದೆ, ಸರಿಯಾಗಿ ಬೇಯದೆ ಹೋದ ಕೆಸುವಿನ ಎಲೆ ಗಂಟಲಿಗೆ ಮಾಡುವುದೂ ಇದನ್ನೇ. ಉಗಿದು, ಬಾಯಿ ತೊಳೆದು, ಹೆಚ್ಚುವ ಮಣೆ ಮೇಲಿದ್ದ ರಾಶಿಯನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಒಂದು ಚೂರಿನಲ್ಲಿ ನರಗಳು ಬುಡದಿಂದ ತುದಿಗೆ, ಜೋಳದ ಗರಿಯಲ್ಲಿರುವಂತೆ ಉದ್ದುದ್ದ ಸಾಲಾಗಿದ್ದವು. ಪಕ್ಕದ ಚೂರಿನಲ್ಲಿ ನಡುನರದಿಂದ ಅಡ್ಡಡ್ಡ ಕವಲೊಡೆದು ಬಲೆ ಹೆಣೆದಿತ್ತು. ಅಂಚಿನ ಒಳಗೆ ಇನ್ನೊಂದು ಗೆರೆ ಎಲೆಯ ಸುತ್ತ ಓಡಿತ್ತು. ಕೆಸುವಿನ ಎಲೆ ನೋಡಿ ಬೆಳೆದ ಕಣ್ಣು ನನ್ನದು, ಕಾಡಲ್ಲಿ ಮಾತ್ರ ನೋಡಿರಲಿಲ್ಲ. ಪೂರ್ತಿ ರಾಶಿ ಕಸದ ಬುಟ್ಟಿಗೆ ಹೋಯಿತು.

ಆ ಗಿಡ ಆರಂ ಮ್ಯಾಕುಲೇಟಂ, ಇಲ್ಲಿನವರ ಬಾಯಲ್ಲಿ ಲಾರ್ಡ್ಸ್ ಅಂಡ್ ಲೇಡೀಸ್. ನಮ್ಮ ಕೆಸುವಿನ ಕುಟುಂಬದ್ದೇ. ಎರಡರಲ್ಲೂ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ, ಬಾಯಿಯ ಒಳಚರ್ಮಕ್ಕೆ ಚುಚ್ಚುವುದು ಅವೇ. ಹಾಗಂತ ಹುಣಸೆಹುಳಿ ಹಾಕಿ ಪತ್ರೊಡೆ ಮಾಡುತ್ತೇನೆಂದು ಹೊರಡಬೇಡಿ, ಇದು ತಿನ್ನುವ ಎಲೆಯೇ ಅಲ್ಲ. ಮೊದಲನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ ಇದರ ಗೆಡ್ಡೆಯ ಗಂಜಿಯಿಂದ ಸಿರಿವಂತರ ಕುತ್ತಿಗೆಪಟ್ಟಿಗಳನ್ನು ಗರಿಗರಿ ಮಾಡುತ್ತಿದ್ದರು. ಬೊಬ್ಬೆ ಬರುತ್ತಿದ್ದದ್ದು ಮಾತ್ರ ಬಟ್ಟೆ ಒಗೆಯುವ ಹೆಂಗಸರ ಕೈಗೆ. ಬಲಿತ ಆರಂ ಎಲೆಗೆ ಬಾಣದ ಆಕಾರ, ಬುಡದಲ್ಲಿ ಹಿಂದಕ್ಕೆ ಚಾಚಿದ ಎರಡು ಕಿವಿ. ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಮೋಸ ಮಾಡುವುದು ಎಳೆಯ ಎಲೆ. ಅದಕ್ಕೆ ಇನ್ನೂ ಕಿವಿ ಮೂಡಿರುವುದಿಲ್ಲ, ಅದೇ ಉದ್ದ, ಅದೇ ಹಸಿರು. ನಿಮ್ಮ ಯಾರ್ಕ್‌ಶೈರ್ ಕಾಡುಗಳಲ್ಲಿ ನೀವು ಜಾಸ್ತಿ ಎದುರಿಸುವುದು ಇದನ್ನೇ. ಒಂದು ಲೆಕ್ಕದಲ್ಲಿ ಇದು ಪ್ರಾಮಾಣಿಕ ಶತ್ರು. ಬಾಯಿಗಿಟ್ಟ ಕೂಡಲೇ ಹೇಳಿಬಿಡುತ್ತದೆ.

ಇನ್ನೆರಡು ಹೇಳುವುದಿಲ್ಲ. ಒಂದು ಲಿಲಿ ಆಫ್ ದ ವ್ಯಾಲಿ. ಇಲ್ಲಿನ ತೋಟಗಳಲ್ಲಿ ಮಾಮೂಲು, ಕೆಲವು ಕಾಡುಗಳಲ್ಲಿ ತಾನಾಗಿಯೂ ಇದೆ. ಮೇ ತಿಂಗಳಲ್ಲಿ ಸಣ್ಣ ಗಂಟೆಗಳಂಥ ಬಿಳಿ ಹೂ, ಆಮೇಲೆ ಕೆಂಪು ಹಣ್ಣು. ಇದರ ವಿಷ ನೇರ ಹೃದಯದ ಬಡಿತಕ್ಕೇ ಕೈ ಹಾಕುತ್ತದೆ. ನಮ್ಮ ಕಣಗಿಲೆಯಲ್ಲಿರುವುದೂ ಇದೇ ಜಾತಿಯ ವಿಷ. ದೇವರಿಗೆ ಕಣಗಿಲೆ ಏರಿಸುತ್ತೇವೆ, ಬಾಯಿಗೆ ಹಾಕುವುದಿಲ್ಲ ಅಲ್ವಾ? ಇದೂ ಹಾಗೆಯೇ. ಗುರುತು ಹಿಡಿಯಲು ಬುಡ ನೋಡಿ. ಲಿಲಿಯಲ್ಲಿ ಒಂದೇ ಕಾಂಡದಿಂದ ಎರಡು ಎಲೆ, ಕೆಲವೊಮ್ಮೆ ಮೂರು, ಒಂದನ್ನೊಂದು ಸುತ್ತಿಕೊಂಡು ಬರುತ್ತವೆ. ಕಾಡು ಬೆಳ್ಳುಳ್ಳಿಯ ಪ್ರತಿ ಎಲೆಗೂ ನೆಲದಿಂದಲೇ ತನ್ನದೇ ತೊಟ್ಟು. ಎಲೆಯ ಬೆನ್ನು ತಿರುಗಿಸಿ ನೋಡಿ. ಬೆಳ್ಳುಳ್ಳಿಯದು ಮಂಕು, ಲಿಲಿಯದು ಹೊಳೆಯುತ್ತದೆ.

ಇನ್ನೊಂದು ಆಟಮ್ ಕ್ರೋಕಸ್, ಕೊಲ್ಚಿಕಂ. ಇದು ಹೂ ಬಿಡುವುದು ಶರತ್ಕಾಲದಲ್ಲಿ, ಆಗ ಎಲೆ ಇರುವುದಿಲ್ಲ. ಎಲೆ ಬರುವುದು ವಸಂತದಲ್ಲಿ, ಆಗ ಹೂ ಇರುವುದಿಲ್ಲ. ಹಾಗಾಗಿ ಬೆಳ್ಳುಳ್ಳಿ ಕೊಯ್ಯುವ ಕಾಲಕ್ಕೆ ಅದು ಬರೀ ಹಸಿರು ಎಲೆಯ ಗೊಂಚಲು. ಇಂಗ್ಲೆಂಡಿನ ಕಾಡುಗಳಲ್ಲಿ ಅಪರೂಪ, ಗ್ಲೌಸ್ಟರ್‌ಶೈರ್ ಕಡೆ ಇದೆ. ತೋಟಗಳಲ್ಲಿ ಎಲ್ಲಿ ಬೇಕಾದರೂ ಇರಬಹುದು. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ನಲ್ಲಿ ಹುಲ್ಲುಗಾವಲುಗಳಲ್ಲಿ ಸಾಕಷ್ಟಿದೆ. ಕರಡಿ ಬೆಳ್ಳುಳ್ಳಿ ಅಂದುಕೊಂಡು ಇದನ್ನು ತಿಂದು ಸತ್ತವರಿದ್ದಾರೆ. ಅಲ್ಲಿರುವ ಕನ್ನಡಿಗರು ಈ ಭಾಗವನ್ನು ಎರಡು ಸಲ ಓದಿ. ಇದರ ವಿಷ ಕೊಲ್ಚಿಸಿನ್. ಮಲೆನಾಡಿನ ಗೌರಿ ಹೂವಿನಲ್ಲಿ, ಅಂದರೆ ಅಗ್ನಿಶಿಖೆಯಲ್ಲಿ, ಇರುವುದೂ ಇದೇ. ಎರಡೂ ಒಂದೇ ಕುಟುಂಬದ ಗಿಡಗಳು. ಬೇಯಿಸಿದರೆ, ಹುರಿದರೆ ಈ ವಿಷ ಹೋಗುವುದಿಲ್ಲ. ಇದರ ಎಲೆಗೆ ತೊಟ್ಟೇ ಇಲ್ಲ, ದಪ್ಪಗೆ ಒಂದೇ ಬುಡದಿಂದ ಒತ್ತೊತ್ತಾಗಿ ಏಳುತ್ತದೆ. ಎಷ್ಟೋ ಸಲ ಎಲೆಗಳ ನಡುವೆ ಹಸಿರು ಬೀಜದ ಕಾಯಿಯೂ ಕಾಣುತ್ತದೆ.

ಡ್ಯಾಫೋಡಿಲ್, ಬ್ಲೂಬೆಲ್ ಎಲೆಗಳೂ ವಿಷವೇ. ಅವು ಕಿರಿದು, ಪಟ್ಟಿಯ ಹಾಗೆ. ಒಂದೊಂದೇ ಎಲೆ ನೋಡುವವರು ಎಡವುವುದಿಲ್ಲ.

ಹಾಗಾದರೆ ಕೊಯ್ಯುವುದು ಹೇಗೆ? ನಿಮ್ಮ ಅತ್ತೆಯವರನ್ನೇ ಕೇಳಿ. ಬಯಲುಸೀಮೆಯಲ್ಲಿ ಹೊಲದ ಬದುವಿನಲ್ಲಿ ಬೆರಕೆ ಸೊಪ್ಪು ಕೊಯ್ದವರಾದರೆ ಅವರಿಗೆ ಗೊತ್ತಿರುತ್ತದೆ. ಯಾರೂ ಕುಡುಗೋಲಿನಲ್ಲಿ ಸವರಿ ತರುವುದಿಲ್ಲ. ಕುಕ್ಕರಗಾಲಲ್ಲಿ ಕೂತು, ಇದು ಅಣ್ಣೆ, ಇದು ಕನ್ನೆ, ಇದು ಹೊನಗೊನೆ ಎಂದು ಒಂದೊಂದೇ ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಾರೆ. ಕೈಯ ಆ ನಿಧಾನವೇ ಇಲ್ಲೂ ಬೇಕಾದದ್ದು. ಅವರ ಕಣ್ಣಿಗೆ ಈ ಕಾಡು ಹೊಸದು, ಅಷ್ಟೇ. ಚಿತ್ರದುರ್ಗದ ಬದುವಿನಲ್ಲಿ ಆರಂ ಇಲ್ಲ, ಲಿಲಿ ಇಲ್ಲ.

ಮೊದಲ ಸಲ ಕೊಯ್ಯಲೇಬೇಡಿ, ಹೂ ಬಿಡುವವರೆಗೆ ಕಾಯಿರಿ. ಏಪ್ರಿಲ್ ಕೊನೆಯಲ್ಲಿ ಅತ್ತೆಯವರ ಜೊತೆ ಹೋಗಿ, ಬಿಳಿ ನಕ್ಷತ್ರದ ಗೊಂಚಲು ಎಲ್ಲೆಲ್ಲಿದೆ ನೋಡಿ. ಆರಂ ಎಲ್ಲಿದೆ ಅಂತಲೂ ನೋಡಿಡಿ. ಹೂ ಬಂದ ಮೇಲೂ ಎಲೆ ತಿನ್ನಬಹುದು, ರುಚಿ ಸ್ವಲ್ಪ ಒರಟಾಗುತ್ತದೆ ಅಷ್ಟೇ. ಹೂವನ್ನೂ ತಿನ್ನಬಹುದು. ಮುಂದಿನ ಮಾರ್ಚ್‌ಗೆ ಅದೇ ಜಾಗಕ್ಕೆ ಹೋದಾಗ ಅರ್ಧ ಕೆಲಸ ಮುಗಿದಿರುತ್ತದೆ. ಉಳಿದರ್ಧ ಅಲ್ಲಿ ಕೂತು ಮಾಡುವುದು. ಎಡಗೈಯಲ್ಲಿ ಒಂದೇ ಎಲೆ ಹಿಡಿದು, ತೊಟ್ಟಿನ ಗುಂಟ ಬೆರಳನ್ನು ಕೆಳಗೆ ಇಳಿಸಿ. ಒಂಟಿ ತೊಟ್ಟು ನೆಲದವರೆಗೆ ಹೋಗುತ್ತದಾ? ನರ ಉದ್ದಕ್ಕಿವೆಯಾ? ಬೆನ್ನು ಮಂಕಾಗಿದೆಯಾ? ಮೂರೂ ಹೌದಾದರೆ ಕತ್ತರಿಯಿಂದ ಕತ್ತರಿಸಿ. ಒಂದರಲ್ಲಿ ಅನುಮಾನ ಬಂದರೂ ಬಿಟ್ಟುಬಿಡಿ. ಮನೆಗೆ ಬಂದು ತೊಳೆಯುವಾಗ ಮತ್ತೊಮ್ಮೆ ಒಂದೊಂದೇ ನೋಡಿ. ನನ್ನ ಜೊತೆ ಬಂದವರಲ್ಲಿ ತಪ್ಪು ಎಲೆ ಸಿಕ್ಕಿದ್ದು ಕಾಡಿನಲ್ಲಿ ಕಮ್ಮಿ, ಸಿಂಕ್‌ನಲ್ಲಿ ಜಾಸ್ತಿ.

ಕೀಳಬೇಡಿ, ಕತ್ತರಿಸಿ ಎಂದಿದ್ದಕ್ಕೆ ಕಾರಣ ಇದೆ. ಎಳೆದರೆ ಗೆಡ್ಡೆಯೇ ಮೇಲೆ ಬರುತ್ತದೆ. ಸಾಮಾನ್ಯವಾಗಿ ಒಂದು ಗಿಡಕ್ಕೆ ಇರುವುದೇ ಎರಡು ಎಲೆ. ಮೇಲಿನ ಮರಗಳು ಚಿಗುರಿ ನೆರಳು ಕವಿಯುವ ಮೊದಲು, ಎರಡು ಮೂರು ತಿಂಗಳಲ್ಲಿ, ಆ ಎರಡು ಎಲೆ ದುಡಿದು ಇಡೀ ವರ್ಷಕ್ಕಾಗುವಷ್ಟನ್ನು ಗೆಡ್ಡೆಗೆ ತುಂಬಬೇಕು. ಎರಡನ್ನೂ ನೀವು ಒಯ್ದರೆ ಅದಕ್ಕೆ ಉಪವಾಸ. ಹಾಗಾಗಿ ಒಂದು ಗಿಡದಿಂದ ಒಂದೇ ಎಲೆ. ಬೀಜದಿಂದ ಬಂದ ಗಿಡ ಹೂ ಬಿಡಲು ಹಲವು ವರ್ಷ ಬೇಕು. ನೋಡಲು ಹಸಿರು ಕಂಬಳಿ ಹಾಸಿದ ಹಾಗೆ ಕಾಣುತ್ತದೆ, ಆದರೆ ನಡುವೆ ನುಗ್ಗಿ ತುಳಿದರೆ ಕತ್ತರಿಗಿಂತ ಜಾಸ್ತಿ ಹಾಳಾಗುವುದು ಕಾಲಿನಿಂದಲೇ. ದಾರಿಯಲ್ಲೇ ನಿಂತು ಕೈಗೆಟುಕಿದ್ದು ಕೊಯ್ಯಿರಿ. ತೀರ ದಾರಿ ಅಂಚಿನದು ಬೇಡ, ನಾಯಿಗಳು ಕಾಲೆತ್ತುವುದು ಅಲ್ಲೇ. ನಾಲ್ಕು ಜನರ ಚಟ್ನಿಗೆ ಇಪ್ಪತ್ತೈದು ಎಲೆ ಧಾರಾಳ ಆಯಿತು. ಚೀಲ ಯಾಕೆ?

ಕಾನೂನು ಸರಳ. ಇಂಗ್ಲೆಂಡ್, ವೇಲ್ಸ್‌ನಲ್ಲಿ 1968ರ ಥೆಫ್ಟ್ ಆಕ್ಟ್ ಪ್ರಕಾರ ತಾನಾಗಿ ಬೆಳೆದ ಗಿಡದ ಎಲೆ, ಹೂ, ಹಣ್ಣನ್ನು ಮನೆ ಬಳಕೆಗೆ ಕೊಯ್ದರೆ ಕಳ್ಳತನ ಅಲ್ಲ. ಮಾರಲು ಕೊಯ್ದರೆ ಕಳ್ಳತನವಾಗಬಹುದು. ಯುಗಾದಿಯೂ ಇದೇ ಋತುವಿನಲ್ಲಿ ಬರುತ್ತದಲ್ಲ, ಕನ್ನಡ ಬಳಗದ ಕಾರ್ಯಕ್ರಮದಲ್ಲಿ ಚಟ್ನಿ ಬಾಟಲಿ ಮಾರೋಣ ಎಂದು ಯಾರಾದರೂ ಅಂದರೆ, ಜಮೀನಿನವರ ಒಪ್ಪಿಗೆ ಇಲ್ಲದೆ ಬೇಡ. ಗೆಡ್ಡೆ ವಿಷಯ ಬೇರೆ. 1981ರ ವೈಲ್ಡ್‌ಲೈಫ್ ಅಂಡ್ ಕಂಟ್ರಿಸೈಡ್ ಆಕ್ಟ್ ಪ್ರಕಾರ ಜಮೀನಿನವರ ಅನುಮತಿ ಇಲ್ಲದೆ ಯಾವುದೇ ಕಾಡು ಗಿಡವನ್ನು ಬೇರುಸಹಿತ ಕೀಳುವುದು ಅಪರಾಧ. ಸಂರಕ್ಷಿತ ಕಾಡಾದರೆ, ಅಂದರೆ ಎಸ್‌ಎಸ್‌ಎಸ್‌ಐ ಎಂದು ಗುರುತಿಸಿದ ಜಾಗವಾದರೆ, ಎಲೆಯನ್ನೂ ಮುಟ್ಟಬೇಡಿ. ಕೌನ್ಸಿಲ್ ಪಾರ್ಕ್‌ಗಳಿಗೆ ತಮ್ಮದೇ ನಿಯಮ ಇರಬಹುದು, ಗೇಟಿನ ಹತ್ತಿರ ಫಲಕ ಓದಿ. ಯಾರದೋ ಖಾಸಗಿ ಜಾಗಕ್ಕೆ ಬೇಲಿ ದಾಟಿ ಹೋಗುವುದಕ್ಕೆ ಯಾವ ಆಕ್ಟೂ ರಕ್ಷಣೆ ಕೊಡುವುದಿಲ್ಲ.

ಅಷ್ಟೆಲ್ಲ ಎಚ್ಚರ ವಹಿಸಿಯೂ ತಪ್ಪು ಎಲೆ ಹೊಟ್ಟೆಗೆ ಹೋಯಿತು ಅನ್ನಿಸಿದರೆ ಲಕ್ಷಣಕ್ಕೆ ಕಾಯಬೇಡಿ. ಕೊಲ್ಚಿಸಿನ್ ಮೊದಲ ಕೆಲವು ಗಂಟೆ ಸದ್ದೇ ಮಾಡುವುದಿಲ್ಲ, ಆಮೇಲೆ ವಾಂತಿ ಭೇದಿ, ಒಂದೆರಡು ದಿನದಲ್ಲಿ ಅಂಗಾಂಗಗಳೇ ಕೈಬಿಡಲು ಶುರುಮಾಡುತ್ತವೆ. ತಕ್ಷಣ ಇಲ್ಲಿನ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ ಅಥವಾ ಎ ಅಂಡ್ ಇಗೆ, ಅಂದರೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ, ಹೋಗಿ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುವ ನಮ್ಮ ಮನೆಮದ್ದು ಬೇಡ. ಉಳಿದ ಎಲೆ, ಉಳಿದ ಚಟ್ನಿ ಎರಡನ್ನೂ ಡಬ್ಬಿಗೆ ಹಾಕಿ ಜೊತೆಗೆ ಒಯ್ಯಿರಿ. ಏನು ತಿಂದದ್ದು ಅನ್ನುವುದು ಡಾಕ್ಟರಿಗೆ ಬೇಗ ಗೊತ್ತಾದಷ್ಟೂ ಒಳ್ಳೆಯದು.

ಸರಿ, ಅಡುಗೆಮನೆ. ಇದರ ಘಾಟು ಬೆಂಕಿಗೆ ನಿಲ್ಲುವುದಿಲ್ಲ. ಸಾರಿಗೆ ಹಾಕಿ ಕುದಿಸಿದರೆ ಬರೀ ಪಾಲಕ್ ಉಳಿಯುತ್ತದೆ. ಒಲೆ ಆರಿಸಿದ ಮೇಲೆ ಹೆಚ್ಚಿ ಹಾಕಿ. ಅಕ್ಕಿ ರೊಟ್ಟಿ ಹಿಟ್ಟಿಗೆ ಸಣ್ಣಗೆ ಹೆಚ್ಚಿ ಕಲಸಿದರೆ ಚೆನ್ನ. ನನ್ನ ಮನೆಯಲ್ಲಿ ಇದು ತಂಬುಳಿಯಾಗುತ್ತದೆ. ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳು ಮೆಣಸು ಹುರಿದು, ಎಂಟು ಹತ್ತು ಎಲೆ ಅದಕ್ಕೇ ಹಾಕಿ ಬಾಡಿದ ತಕ್ಷಣ ಇಳಿಸಿ, ಕಾಯಿತುರಿ ಜೊತೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಆಯಿತು. ಅತ್ತೆಯವರ ಕಡೆಯ ಶೇಂಗಾ ಚಟ್ನಿಗೆ ಹಸಿ ಎಲೆಯನ್ನೇ ಸೇರಿಸಿ ಕುಟ್ಟಿದರೂ ಸೊಗಸು. ಏಕಾದಶಿ ದಿನ ಮಾತ್ರ ನಿಮ್ಮಿಷ್ಟ. ಹೆಸರಿನಲ್ಲಿ ಕಾಡು ಇದ್ದರೂ ಅದು ಬೆಳ್ಳುಳ್ಳಿಯೇ.

ಉಪ್ಪಿನಕಾಯಿ ಬೇಡ ಎಂದಿದ್ದಕ್ಕೆ ಅತ್ತೆಯವರು ಬೇಜಾರು ಮಾಡಿಕೊಳ್ಳಬಹುದು. ಅವರಿಗೆ ಹೀಗೆ ಹೇಳಿ. ಮಾವಿನಕಾಯಿಗೆ ತನ್ನದೇ ಹುಳಿ ಇದೆ, ನಾವು ಉಪ್ಪನ್ನೂ ಧಾರಾಳ ಸುರಿಯುತ್ತೇವೆ, ಅದಕ್ಕೇ ಅದು ವರ್ಷಗಟ್ಟಲೆ ನಿಲ್ಲುತ್ತದೆ. ಈ ಎಲೆಗೆ ಹುಳಿ ಇಲ್ಲ. ಮಣ್ಣಿನ ಜೊತೆ ಬಂದ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅದರ ಮೇಲಿರಬಹುದು. ಎಣ್ಣೆಯಲ್ಲಿ ಮುಳುಗಿಸಿ ಶೆಲ್ಫ್ ಮೇಲೆ ಇಟ್ಟರೆ ಗಾಳಿಯಿಲ್ಲದ ಆ ಜಾಗದಲ್ಲಿ ಅದು ಬೆಳೆದು ವಿಷ ಮಾಡಬಹುದು. ಬಣ್ಣ, ವಾಸನೆ ಏನೂ ಕೆಟ್ಟಿರುವುದಿಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಎಣ್ಣೆಯಲ್ಲಿಟ್ಟ ಮಾಮೂಲಿ ಬೆಳ್ಳುಳ್ಳಿಯಿಂದಲೇ 36 ಜನ ಹೀಗೆ ಕಾಯಿಲೆ ಬಿದ್ದರು. ಎಣ್ಣೆ ಹಾಕಿದ ಚಟ್ನಿಯನ್ನು ಫ್ರಿಜ್‌ನಲ್ಲಿಟ್ಟು ಮೂರು ನಾಲ್ಕು ದಿನದಲ್ಲಿ ಮುಗಿಸಿ. ಜಾಸ್ತಿ ಉಳಿದರೆ ಐಸ್ ಟ್ರೇಯಲ್ಲಿ ಹಾಕಿ ಫ್ರೀಜ್ ಮಾಡಿ, ಬೇಕಾದಾಗ ಒಂದೊಂದು ಗಟ್ಟಿ ತೆಗೆದುಕೊಳ್ಳಿ.

ಕೊನೆಗೆ ಊರಿನ ಗೆಡ್ಡೆ. ಕಾನೂನಿನ ಮಾತು ಆಗಲೇ ಬಂತು. ಭಾರತಕ್ಕೆ ಗಿಡ, ಗೆಡ್ಡೆ ಒಯ್ಯಲು ಸಸ್ಯ ಆರೋಗ್ಯದ ಪ್ರಮಾಣಪತ್ರವೂ ಬೇಕು. ಒಯ್ದರೂ ಚಿತ್ರದುರ್ಗದಲ್ಲಿ ಬದುಕುವ ಗಿಡವಲ್ಲ ಅದು. ಇದರ ಬೀಜ ಮೊಳೆಯಲು ಚಳಿಗಾಲದ ಕೊರೆತ ಬೇಕೇ ಬೇಕು. ಲೀಡ್ಸ್‌ನಲ್ಲೇ ಬೆಳೆಸುವ ಆಸೆ ಇದ್ದರೆ ನರ್ಸರಿಯಿಂದ ಕೊಂಡು ತನ್ನಿ, ನೆರಳಿನ ಮೂಲೆಯಲ್ಲಿ ಕುಂಡಕ್ಕೆ ಹಾಕಿ. ನೆಲಕ್ಕೆ ಹಾಕಿದರೆ ತೋಟವನ್ನೆಲ್ಲ ಆಕ್ರಮಿಸುತ್ತದೆ. ಹಾಕುವ ಮೊದಲು ಆ ಮೂಲೆಯಲ್ಲಿ ಹಳೆ ಮಾಲೀಕರು ನೆಟ್ಟ ಲಿಲಿ ಆಫ್ ದ ವ್ಯಾಲಿ ಇದೆಯಾ ಅಂತ ಮೇ ತಿಂಗಳಲ್ಲಿ ಒಮ್ಮೆ ನೋಡಿಕೊಳ್ಳಿ.